ಅಣ್ಣಾ, ಸಿಸಿಎನ್‌ಎ ಮಾಡ್ಲೋ, ನೆಟ್‌ವರ್ಕ್ ಪ್ಲಸ್ ಮಾಡ್ಲೋ?

ನಾನು ಕಲಬುರಗಿಯಲ್ಲಿ ನೆಟ್‌ವರ್ಕ್ ಕೆಲಸ ಮಾಡ್ತೀನಿ ಅಂತ ಗೊತ್ತಾದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ನಮ್ ಮನಿ ವೈಫೈ ಯಾಕ ಇಷ್ಟ್ ಸ್ಲೋ ಅದ?" ಇದಕ್ಕೆ ಉತ್ತರ ಸುಲಭ. ಅಲ್ಮೆರಾ ಹಿಂದೆ ಇಟ್ಟಿರುವ ರೌಟರನ್ನು ಈಚೆ ತೆಗೆಯಿರಿ. ಎರಡನೆಯದು ಈ ಲೇಖನದ ತಲೆಬರಹ. ಅದರಲ್ಲಿರುವ ಎರಡೂ ನೆಟ್‌ವರ್ಕ್ ಕೆಲಸಕ್ಕೆ ಸೇರಬೇಕು ಅನ್ನುವವರು ಬರೆಯುವ ಸರ್ಟಿಫಿಕೇಟ್ ಪರೀಕ್ಷೆಗಳು.

ಹೋದ ವಾರ ಇದನ್ನು ಕೇಳಿದವನು ಸೇಡಂ ಕಡೆಯ ಹುಡುಗ. ಡಿಪ್ಲೊಮಾ ಕೊನೆಯ ವರ್ಷ. ಬಸ್‌ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತಾ ಕೇಳಿದ: "ಅಣ್ಣಾ, ನೆಟ್‌ವರ್ಕಿಂಗ್ ಲೈನಿಗೆ ಬರ್ಬೇಕಂತ ಮಾಡೀನಿ. ಯಾವ ಸರ್ಟಿಫಿಕೇಟ್ ಮಾಡಿದ್ರ ಕೆಲ್ಸ ಸಿಗ್ತದ?"

"ಸಿಸಿಎನ್‌ಎ ಓದು. ಆದ್ರ ಪರೀಕ್ಷಾ ರೊಕ್ಕ ಈಗೇ ಕಟ್ಟಬ್ಯಾಡ" ಅಂದೆ. ಅವನ ಮುಖ ನೋಡಿದರೆ ಅರ್ಧ ಉತ್ತರ ಸಿಕ್ಕವನ ಹಾಗಿತ್ತು. ಉಳಿದ ಅರ್ಧ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೆಟ್‌ವರ್ಕ್ ಪ್ಲಸ್ ವಿಚಾರ ಮುಗಿಸಿಬಿಡೋಣ. ಅದು ಕಾಂಪ್‌ಟಿಯಾ ಎಂಬ ಅಮೆರಿಕದ ಸಂಸ್ಥೆಯ ಪರೀಕ್ಷೆ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ, ಪಾಸಾಗಲು 900ಕ್ಕೆ 720 ಬರಬೇಕು. ಯಾವ ಕಂಪನಿಯ ಯಂತ್ರಕ್ಕೂ ಕಟ್ಟುಬೀಳದೆ ಬುಡದಿಂದ ಕಲಿಸುತ್ತದೆ. ಓದಲು ಒಳ್ಳೆಯದೇ. ಯೂಟ್ಯೂಬ್‌ನಲ್ಲಿ ಎಲ್ಲರೂ "ಮೊದಲು ಎ ಪ್ಲಸ್, ಆಮೇಲೆ ನೆಟ್‌ವರ್ಕ್ ಪ್ಲಸ್, ಆಮೇಲೆ ಸೆಕ್ಯುರಿಟಿ ಪ್ಲಸ್" ಅಂತ ಅದೇ ಸಂಸ್ಥೆಯ ಪರೀಕ್ಷೆಗಳ ಮೆಟ್ಟಿಲು ತೋರಿಸುತ್ತಾರಲ್ಲ, ಹಾಗೆ ಹೇಳುವವರಲ್ಲಿ ಬಹಳ ಜನ ಅಮೆರಿಕದವರು. ಅಲ್ಲಿ ರಕ್ಷಣಾ ಇಲಾಖೆಯ ಕಂಪ್ಯೂಟರ್ ಕೆಲಸಕ್ಕೆ ಸೇರಬೇಕಾದರೆ ಇಂಥ ಸರ್ಟಿಫಿಕೇಟ್ ಇರಬೇಕು ಅಂತ ಒಂದು ಪಟ್ಟಿಯೇ ಇದೆ. ಅದರಲ್ಲಿ ಈ ಹೆಸರುಗಳಿವೆ. ಅವರಿಗೆ ಅದು ಸರಿ. ಸೇಡಂ ಹುಡುಗ ಕೆಲಸ ಹುಡುಕುವುದು ಹೈದರಾಬಾದಿನಲ್ಲಿ, ಇಲ್ಲಾ ಬೆಂಗಳೂರಿನಲ್ಲಿ. ಅಲ್ಲಿನ ಜಾಹೀರಾತುಗಳಲ್ಲಿ ನಾನು ಜಾಸ್ತಿ ನೋಡಿದ್ದು ಸಿಸಿಎನ್‌ಎ ಹೆಸರನ್ನೇ. ಎರಡಕ್ಕೂ ರೊಕ್ಕ ಸುರಿಯುವಷ್ಟು ನಮ್ಮಲ್ಲಿ ಯಾರ ಹತ್ತಿರ ಇದೆ?

ಎ ಪ್ಲಸ್ ಕಂಪ್ಯೂಟರ್ ರಿಪೇರಿ, ಸಪೋರ್ಟ್ ಕಡೆಯದು. ಎರಡು ಪರೀಕ್ಷೆ, ಎರಡು ಸಲ ಫೀಸು. ನೆಟ್‌ವರ್ಕಿಗೇ ಬರುವವರು ಬಿಟ್ಟುಬಿಡಿ.

ಈಗ ಸಿಸಿಎನ್‌ಎ. ಇದನ್ನು ಕೊಡುವುದು ರೌಟರ್, ಸ್ವಿಚ್ (ಒಂದು ಆಫೀಸಿನ ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಜೋಡಿಸುವ ಡಬ್ಬಿ) ತಯಾರಿಸುವ ಸಿಸ್ಕೊ ಕಂಪನಿ. 1998ರಿಂದ ನಡೆದಿದೆ. ಈಗಿನ ಪರೀಕ್ಷೆಯ ನಂಬರು 200-301, ಎರಡು ತಾಸಿನದು. ಫೀಸು 300 ಡಾಲರ್, ಮೇಲೆ ತೆರಿಗೆ. ನಮ್ಮ ರೊಕ್ಕದಲ್ಲಿ 30 ಸಾವಿರದ ಆಸುಪಾಸು ಅಂತ ಇಟ್ಟುಕೊಳ್ಳಿ. ಪಾಸಾದರೆ ಮೂರು ವರ್ಷ ಚಾಲ್ತಿ. ಫೇಲಾದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಮತ್ತೆ ಪೂರ್ತಿ ಫೀಸು. ಹಿಂದಿನ ಪ್ರಶ್ನೆಗೆ ವಾಪಸ್ ಹೋಗಲು ಬಿಡುವುದಿಲ್ಲ. ನಮಗೆ ಶಾಲೆಯಿಂದ ಬಂದ ಅಭ್ಯಾಸ ಏನು? ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ನೋಡೋಣ ಅನ್ನುವುದು. ಅದು ಇಲ್ಲಿ ನಡೆಯುವುದಿಲ್ಲ.

ರೊಕ್ಕ ಕಟ್ಟಬ್ಯಾಡ ಅಂದಿದ್ದಕ್ಕೆ ಕಾರಣ ನನ್ನದೇ ಕಥೆ.

ಡಿಗ್ರಿ ಮುಗಿದ ವರ್ಷ ನಾನು ಹೈದರಾಬಾದಿನ ಅಮೀರ್‌ಪೇಟೆಗೆ ಹೋದೆ. ಕೋಚಿಂಗ್ ಬೋರ್ಡುಗಳೇ ತುಂಬಿದ ಏರಿಯಾ ಅದು. ಒಂದು ಇನ್‌ಸ್ಟಿಟ್ಯೂಟ್‌ನಲ್ಲಿ "ಸಿಸಿಎನ್‌ಎ ವಿತ್ ಸರ್ಟಿಫಿಕೇಟ್" ಅಂತ ಹೇಳಿ ಫೀಸು ತಗೊಂಡರು. ಆ ವರ್ಷದ ತೊಗರಿ ಮಾರಿದ ರೊಕ್ಕದಲ್ಲಿ ಅಪ್ಪ ಕೊಟ್ಟಿದ್ದು. 45 ದಿನ ಕ್ಲಾಸು. ಕೊನೆಯ ದಿನ ದಪ್ಪ ಕಾಗದದ, ಬಂಗಾರ ಬಣ್ಣದ ಅಂಚಿನ ಒಂದು ಸರ್ಟಿಫಿಕೇಟ್ ಕೈಗಿಟ್ಟರು. ಅಪ್ಪ ಅದಕ್ಕೆ ಫ್ರೇಮ್ ಹಾಕಿಸಿ ಶರಣಬಸವೇಶ್ವರರ ಫೋಟೋ ಪಕ್ಕ ತೂಗುಹಾಕಿದರು.

ಮೊದಲ ಇಂಟರ್‌ವ್ಯೂನಲ್ಲಿ ಕೇಳಿದರು: "ಸಿಸ್ಕೊ ಐಡಿ ನಂಬರ್ ಎಷ್ಟು?"

ನಾನು ಇನ್‌ಸ್ಟಿಟ್ಯೂಟ್‌ನ ರೋಲ್ ನಂಬರ್ ಹೇಳಿದೆ. ಆ ಮನುಷ್ಯ ನಗಲಿಲ್ಲ, ಅದು ಅವನ ದೊಡ್ಡತನ. "ಇದು ನೀವು ಕ್ಲಾಸಿಗೆ ಹೋಗಿದ್ದಕ್ಕೆ ಕೊಟ್ಟ ಕಾಗದ. ಪರೀಕ್ಷೆ ಬರೆದಿಲ್ಲ ನೀವು" ಅಂತ ಬಿಡಿಸಿ ಹೇಳಿದ. ನಿಜವಾದ ಸಿಸಿಎನ್‌ಎ ಕೊಡುವುದು ಸಿಸ್ಕೊ ಒಂದೇ. ಪರೀಕ್ಷೆ ನಡೆಸುವುದು ಪಿಯರ್ಸನ್ ವ್ಯೂ. ಪಾಸಾದವರದನ್ನು ಆನ್‌ಲೈನ್‌ನಲ್ಲೇ ತೆಗೆದು ನೋಡಬಹುದು. ಇದು ಗೊತ್ತಿಲ್ಲದೆ ಮೋಸಹೋದವರು ಈಗಲೂ ನನ್ನ ಹತ್ತಿರ ಬರುತ್ತಾರೆ, ಕೈಯಲ್ಲಿ ಅಂಥದೇ ಕಾಗದ. ಕ್ಲಾಸಿಗೆ ಸೇರುವ ಮುಂಚೆ ಒಂದೇ ಮಾತು ಕೇಳಿ: "ಪರೀಕ್ಷಾ ಫೀಸು ಇದರಲ್ಲೇ ಬರ್ತದೇನ್ರಿ?" ಉತ್ತರ ತಡವರಿಸಿದರೆ ಎದ್ದು ಬನ್ನಿ. ಅವರ ನೋಟ್ಸನ್ನೂ ಒಮ್ಮೆ ತಿರುವಿ ನೋಡಿ. ಐಸಿಎನ್‌ಡಿ 1, ಐಸಿಎನ್‌ಡಿ 2 ಅಂತ ಇದ್ದರೆ ಅದು 2020ರ ಫೆಬ್ರವರಿಗೆ ಮುಗಿದುಹೋದ ಪರೀಕ್ಷೆಯದು.

ನಾನು ನಿಜವಾದ ಪರೀಕ್ಷೆ ಬರೆದಿದ್ದು ಅದಾಗಿ ವರ್ಷದ ಮೇಲೆ. ಊರಿನ ಗೋಡೆಯ ಮೇಲಿನ ಫ್ರೇಮ್ ಮಾತ್ರ ಇನ್ನೂ ಅಲ್ಲೇ ಇದೆ. ಅಪ್ಪನಿಗೆ ಹೇಳುವ ಧೈರ್ಯ ಬಂದಿಲ್ಲ.

"ಹಂಗಾದ್ರ ಈ ಓದಿನಿಂದ ನಿಜವಾಗ್ಲೂ ಏನರ ಉಪಯೋಗ ಅದ?" ಅಂತ ಹುಡುಗ ಕೇಳಿದ. ಅವನಿಗೆ ಬೇಳೆ ಮಿಲ್ಲಿನ ಕಥೆ ಹೇಳಿದೆ.

ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ಮಿಲ್ಲು. ಜನವರಿ, ತೊಗರಿಯ ಸುಗ್ಗಿ, ಗೇಟಿನ ಹೊರಗೆ ಲಾರಿಗಳ ಸಾಲು. ವೇಬ್ರಿಡ್ಜ್ ಕಂಪ್ಯೂಟರಿನಿಂದ ತೂಕ ಆಫೀಸಿನ ಕಂಪ್ಯೂಟರಿಗೆ ಹೋಗುತ್ತಿಲ್ಲ. ನನಗಿಂತ ಮುಂಚೆ ಬಂದವನು "ಸ್ವಿಚ್ ಸುಟ್ಟದ, ಹೊಸದು ಹಾಕ್ರಿ" ಅಂತ ಹೇಳಿ ಹೋಗಿದ್ದ. ಸ್ವಿಚ್ಚಿನ ದೀಪಗಳೆಲ್ಲ ಸರಿಯಾಗಿಯೇ ಮಿನುಗುತ್ತಿದ್ದವು. ವೇಬ್ರಿಡ್ಜ್ ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆದು ಐಪಿಕಾನ್ಫಿಗ್ ಅಂತ ಒತ್ತಿದೆ. ಆ ಕಂಪ್ಯೂಟರಿನ ನೆಟ್‌ವರ್ಕ್ ಅಡ್ರೆಸ್ 192.168.0.105 ಅಂತ ತೋರಿಸಿತು. ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದರೆ 192.168.1.20. ಚುಕ್ಕಿಗಳ ನಡುವಿನ ಮೂರನೆಯ ಸಂಖ್ಯೆ ಬೇರೆ. ಅಂದರೆ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದ್ದರೂ ಎರಡೂ ಬೇರೆ ಬೇರೆ ಓಣಿಯಲ್ಲಿವೆ.

ಮದುವೆ ಮನೆಯಲ್ಲಿ ಬಂದವರಿಗೆ ರೂಮಿನ ಕೀಲಿ ಕೊಡುವವನು ಒಬ್ಬನೇ ಇರಬೇಕು. ಇಬ್ಬರಾದರೆ ಗೊಂದಲ ತಪ್ಪಿದ್ದಲ್ಲ. ನೆಟ್‌ವರ್ಕಿನಲ್ಲಿ ಹಾಗೆ ಅಡ್ರೆಸ್ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಅಂತ ಹೆಸರು. ಇಲ್ಲಿ ಎರಡನೆಯವನು ಎಲ್ಲಿಂದಲೋ ಸೇರಿಕೊಂಡಿದ್ದ. ಬ್ರೌಸರಿನಲ್ಲಿ 192.168.0.1 ಹೊಡೆದೆ. ಮನೆಯಲ್ಲಿ ಇಡುವ ವೈಫೈ ರೌಟರೊಂದರ ಲಾಗಿನ್ ಪುಟ ಬಂತು. ಕೇಬಲ್ ಹಿಡಿದುಕೊಂಡು ಹೋದರೆ ಗುಮಾಸ್ತರ ಟೇಬಲ್ ಫ್ಯಾನಿನ ಹಿಂದೆ ಬಿಳಿ ಡಬ್ಬಿ ಕೂತಿತ್ತು. "ಮೊಬೈಲಿಗಿ ನೆಟ್ ಬರ್ಲಿ ಅಂತ ಶನಿವಾರ ಹಚ್ಚೀನ್ರಿ" ಅಂದರು. ಸೋಮವಾರ ಕಂಪ್ಯೂಟರ್ ಆನ್ ಆದಾಗ ಮೊದಲು ಕೀಲಿ ಕೊಟ್ಟಿದ್ದು ಈ ಡಬ್ಬಿಯೇ. ಆ ರೌಟರಿನ ಡಿಎಚ್‌ಸಿಪಿ ಬಂದ್ ಮಾಡಿ, ಅದಕ್ಕೂ 192.168.1ರ ಒಂದು ಅಡ್ರೆಸ್ ಕೊಟ್ಟು, ವೇಬ್ರಿಡ್ಜ್ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದೆ. ಅರ್ಧ ತಾಸಿನ ಕೆಲಸ. ಗುಮಾಸ್ತರ ವೈಫೈ ಕೂಡ ಉಳಿಯಿತು.

ಈ ಡಿಎಚ್‌ಸಿಪಿ ಸಿಸಿಎನ್‌ಎ ಸಿಲಬಸ್ಸಿನಲ್ಲಿದೆ. ದೊಡ್ಡ ಆಫೀಸುಗಳಲ್ಲಿ ಇಂಥ ಎರಡನೆಯವನನ್ನು ಸ್ವಿಚ್ಚೇ ತಡೆಯುವ ಹಾಗೆ ಮಾಡುವ ಡಿಎಚ್‌ಸಿಪಿ ಸ್ನೂಪಿಂಗ್ ಕೂಡ ಇದೆ. ನನ್ನ ಮುಂಚೆ ಬಂದವನು ಕೈಚಳಕದಲ್ಲಿ ನನಗಿಂತ ಜೋರು, ಕೇಬಲ್ ಎಳೆಯುವುದರಲ್ಲಿ ನನ್ನನ್ನು ಮೀರಿಸುತ್ತಾನೆ. ಎಲ್ಲಿ ನೋಡಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಎಲ್ಲರೂ ಹೆದರುವ ಪಾಠ ಒಂದಿದೆ, ಸಬ್‌ನೆಟಿಂಗ್. ಅಂದರೆ ಒಂದು ನೆಟ್‌ವರ್ಕಿನ ಅಡ್ರೆಸ್‌ಗಳನ್ನು ಪಾಲು ಮಾಡುವುದು. ರೈತರ ಮಕ್ಕಳು ಇದಕ್ಕೆ ಹೆದರಬಾರದು. ಒಂದು ಹೊಲದಲ್ಲಿ 256 ಸಾಲು ಅಂತ ಇಟ್ಟುಕೊಳ್ಳಿ. ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು ಒಡ್ಡಿಗೆ ಹೋಗುತ್ತದೆ. ಬಿತ್ತಲು ಸಿಗುವುದು 254. ನಾಲ್ಕು ಜನ ಅಣ್ಣತಮ್ಮಂದಿರು ಪಾಲಾದರೆ ತಲಾ 64. ಈಗ ಪ್ರತಿ ಪಾಲಿಗೂ ಎರಡು ಒಡ್ಡು, ಬಿತ್ತಲು 62. ನಾಲ್ಕೂ ಸೇರಿ 248. ಪಾಲು ಮಾಡಿದ್ದಕ್ಕೆ ಆರು ಸಾಲು ಹೆಚ್ಚಿಗೆ ಹೋಯಿತು. ನೆಟ್‌ವರ್ಕಿನಲ್ಲಿ ಈ 64ರ ಪಾಲಿಗೆ ಸ್ಲ್ಯಾಶ್ 26 ಅನ್ನುತ್ತಾರೆ. ಮೊದಲ ಒಡ್ಡು ಆ ಪಾಲನ್ನೇ ಗುರುತಿಸುವ ನೆಟ್‌ವರ್ಕ್ ಅಡ್ರೆಸ್, ಕೊನೆಯ ಒಡ್ಡು ಪಾಲಿನಲ್ಲಿರುವ ಎಲ್ಲರಿಗೂ ಒಮ್ಮೆಲೇ ಕೂಗಿ ಹೇಳುವ ಬ್ರಾಡ್‌ಕಾಸ್ಟ್ ಅಡ್ರೆಸ್. ಇಷ್ಟು ತಲೆಗೆ ಹೋದರೆ ಉಳಿದದ್ದು ಬರೀ ರೂಢಿ.

ಓದುವುದಕ್ಕೆ ಖರ್ಚೇನೂ ಬೇಕಿಲ್ಲ. ಸಿಸ್ಕೊದ್ದೇ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪ್ಯಾಕೆಟ್ ಟ್ರೇಸರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ. ಪರದೆಯ ಮೇಲೆ ರೌಟರ್, ಸ್ವಿಚ್ ಇಟ್ಟು, ತಂತಿ ಎಳೆದು, ಕಮಾಂಡ್ ಹೊಡೆದು ನೋಡಬಹುದು. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ದಿನಕ್ಕೆ ಎರಡು ತಾಸಿನ ಹಾಗೆ ಐದಾರು ತಿಂಗಳು ಹಿಡಿಯುತ್ತದೆ. ಯಾರಾದರೂ ತಿಂಗಳಲ್ಲಿ ಮುಗಿಸಿದೆ ಅಂದರೆ ನಾನು ಸುಮ್ನೆ ನಕ್ಕುಬಿಡುತ್ತೇನೆ. ಅಂಕದ ಪಾಲು ನೋಡಿಕೊಂಡು ಓದಿ: ದಾರಿ ತೋರಿಸುವ ರೌಟಿಂಗ್ ಭಾಗಕ್ಕೆ ನೂರಕ್ಕೆ 25, ಮೂಲಪಾಠಕ್ಕೆ 20, ಸ್ವಿಚ್ ಮತ್ತು ವೈಫೈ ಕಡೆಗೆ 20, ಸೆಕ್ಯುರಿಟಿಗೆ 15, ಡಿಎಚ್‌ಸಿಪಿಯಂಥ ಸೇವೆಗಳಿಗೆ 10, ಆಟೊಮೇಷನ್‌ಗೆ 10. ಕೊನೆಯ ಹತ್ತನ್ನು ನಮ್ಮ ಹುಡುಗರು ಬಿಟ್ಟೇಬಿಡುತ್ತಾರೆ. ಬಿಡಬೇಡಿ, ಅಲ್ಲಿ ಸುಲಭದ ಪ್ರಶ್ನೆಗಳಿವೆ.

ಪರೀಕ್ಷೆ ಕನ್ನಡದಲ್ಲಿಲ್ಲ. ಆದರೆ ಕಾದಂಬರಿಯ ಇಂಗ್ಲಿಷೂ ಅಲ್ಲ. ನಾನೂ ಕನ್ನಡ ಮೀಡಿಯಂ. ಅವೇ ಇನ್ನೂರು ಮುನ್ನೂರು ಪದ ತಿರುತಿರುಗಿ ಬರುತ್ತವೆ.

ಫೀಸು ಯಾವಾಗ ಕಟ್ಟಬೇಕು? ಖಾಲಿ ಪ್ಯಾಕೆಟ್ ಟ್ರೇಸರ್ ತೆರೆಯಿರಿ. ಎರಡು ರೌಟರ್, ಮೂರು ಸ್ವಿಚ್. ಎರಡು ವಿಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ಮಾಡುವ ಬೇರೆ ಬೇರೆ ಓಣಿ), ಡಿಎಚ್‌ಸಿಪಿ, ಓಎಸ್‌ಪಿಎಫ್ (ರೌಟರುಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ವಿಧಾನ), ಒಂದು ಎಸಿಎಲ್ (ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅನ್ನುವ ಪಟ್ಟಿ). ನೋಟ್ಸ್ ಮುಟ್ಟದೆ ಒಂದು ತಾಸಿನಲ್ಲಿ, ಎಸಿಎಲ್ ತಡೆದದ್ದನ್ನು ಬಿಟ್ಟು, ಎಲ್ಲ ಕಡೆಯಿಂದ ಪಿಂಗ್ ಆಗಬೇಕು, ಅಂದರೆ ಒಂದು ಯಂತ್ರ ಕರೆದರೆ ಇನ್ನೊಂದು ಓಗೊಡಬೇಕು. ಆದ ದಿನ ಕಟ್ಟಿ. ಪ್ರಶ್ನೆಪತ್ರಿಕೆಯನ್ನೇ ಕದ್ದು ಮಾರುವ ಡಂಪ್‌ಗಳ ಸಹವಾಸ ಬೇಡ. ಸಿಕ್ಕಿಬಿದ್ದರೆ ಸಿಸ್ಕೊ ಸರ್ಟಿಫಿಕೇಟನ್ನೇ ರದ್ದು ಮಾಡುತ್ತದೆ. ಸಿಕ್ಕಿಬೀಳದಿದ್ದರೂ ಇಂಟರ್‌ವ್ಯೂನಲ್ಲಿ ಮೂರನೆಯ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ.

ಅಷ್ಟು ರೊಕ್ಕವೂ ಇಲ್ಲ, ರೆಸ್ಯೂಮೆಯಲ್ಲಿ ಬರೆಯಲು ಏನಾದರೂ ಬೇಕು ಅನ್ನುವವರಿಗೆ ಸಿಸ್ಕೊದ್ದೇ ಸಿಸಿಎಸ್‌ಟಿ ಎಂಬ ಕೆಳಗಿನ ಮೆಟ್ಟಿಲಿನ ಪರೀಕ್ಷೆ ಇದೆ, 125 ಡಾಲರ್. ಕಾಲೇಜಿನವರೇ ಫೀಸು ಕಟ್ಟುವುದಾದರೆ ಖಂಡಿತ ಬರೆಯಿರಿ. ಕೈಯಿಂದ ಹಾಕಬೇಕಾದರೆ ಆ ರೊಕ್ಕವನ್ನು ಸಿಸಿಎನ್‌ಎಗೆ ಕೂಡಿಡುವುದು ವಾಸಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಕಲಬುರಗಿಯಲ್ಲೇ ಇರುತ್ತೀನಿ, ಕ್ಯಾಮೆರಾ, ಫೈಬರ್, ಆಫೀಸ್ ಕೇಬಲ್ ಕೆಲಸ ಮಾಡ್ತೀನಿ ಅನ್ನುವವರಿಗೆ ಈ ಕಾಗದದ ಅವಸರವಿಲ್ಲ. ಇಲ್ಲಿ ಮೊದಲು ಕೇಳುವುದು "ನಿಚ್ಚಣಿಕಿ ಏರ್ತೀ ಏನ್?" ಅಂತ. ಸಿಲಬಸ್ ಓದಿ, ಪರೀಕ್ಷೆ ಆಮೇಲೆ ನೋಡೋಣ. ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಎನ್‌ಓಸಿಯಲ್ಲಿ, ಅಂದರೆ ದೂರದ ನೆಟ್‌ವರ್ಕುಗಳನ್ನು ಹಗಲೂ ರಾತ್ರಿ ಕಾಯುವ ಕೋಣೆಯಲ್ಲಿ ಕೂರುವವರಿಗೆ ಮಾತ್ರ ಇದು ಬಾಗಿಲು ತೆರೆಯುತ್ತದೆ. ನೈಟ್ ಶಿಫ್ಟಿಗೆ ಮನೆಯವರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ.

ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಬಹುದು, ಆದರೆ ಕ್ಯಾಮೆರಾ ಮುಂದೆ. ಕೋಣೆಗೆ ಯಾರೂ ಕಾಲಿಡಬಾರದು. ನಮ್ಮ ಮನೆಗಳಲ್ಲಿ ಎರಡು ತಾಸು ಯಾರೂ ಬಾಗಿಲು ತಳ್ಳದೆ ಇರ್ತಾರಾ? ಕರೆಂಟ್ ಕಥೆ ಬೇರೆ. ನಾನಂತೂ ಹೈದರಾಬಾದಿನ ಸೆಂಟರಿಗೆ ಹೋಗಿ ಬರೆದೆ. ಬುಕ್ ಮಾಡುವ ಮುಂಚೆ ಯಾವ ಗುರುತಿನ ಚೀಟಿ ನಡೆಯುತ್ತದೆ ಅಂತ ನೋಡಿ, ಅದರಲ್ಲಿರುವ ಹೆಸರನ್ನೇ ಅಕ್ಷರ ತಪ್ಪದೆ ಹಾಕಿ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇರುತ್ತದಲ್ಲ.

ಹುಡುಗ ಬಸ್ ಹತ್ತುವ ಮುಂಚೆ ಒಂದು ಲೆಕ್ಕ ಕೊಟ್ಟು ಕಳಿಸಿದೆ. 192.168.10.77, ಸ್ಲ್ಯಾಶ್ 26. ಯಾವ ಪಾಲಿಗೆ ಬರುತ್ತದೆ, ಅದರ ಎರಡು ಒಡ್ಡು ಯಾವುವು? ಬಸ್ಸು ಮಳಖೇಡ ದಾಟಿರಬೇಕು, ಮೆಸೇಜು ಬಂತು: "64ರಿಂದ ಶುರು ಆಗೋ ಪಾಲು ಅಣ್ಣಾ. ಒಡ್ಡು 64 ಮತ್ತ 128."

"128 ಬಾಜೂದವ್ರ ಹೊಲ. ನಿಂದು 127" ಅಂತ ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ರೊಕ್ಕ ಇನ್ನಾ ಕಟ್ಟಬ್ಯಾಡ."