ಮಂಚದಿಂದ ಕುರ್ಚಿಗೆ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಯಾವ ಕಡೆಯಿಂದ ಬಂದವರಾದರೂ ಫಿಸಿಯೋಥೆರಪಿ ಸಹಾಯಕರ ಕೆಲಸ ಕಲಿಯಲು ಬರುವವರ ಮೊದಲ ಪ್ರಶ್ನೆ ಒಂದೇ: "ಮೊದಲು ಏನು ಕಲಿಸ್ತೀರಿ? ಕರೆಂಟ್ ಮಷಿನ್ನಾ, ಮಸಾಜಾ?"

ನನ್ನ ಉತ್ತರ: ಮಂಚದ ಮೇಲಿರುವವರನ್ನು ಪಕ್ಕದ ಕುರ್ಚಿಗೆ ಕೂರಿಸುವುದು. ಕೂತು ಊಟ ಮಾಡುವುದು, ಕಕ್ಕಸಿಗೆ ಹೋಗುವುದು, ಜಗಲಿಗೆ ಬಂದು ಬೆಳಕು ನೋಡುವುದು, ಎಲ್ಲವೂ ಶುರುವಾಗುವುದು ಅಲ್ಲಿಂದ. ರೋಗಿಯ ಭುಜಕ್ಕೂ ಸಹಾಯಕರ ಸೊಂಟಕ್ಕೂ ಪೆಟ್ಟು ಬೀಳುವುದು ಕೂಡ ಹೆಚ್ಚಾಗಿ ಅಲ್ಲೇ. ಇದನ್ನು ಸರಿಯಾಗಿ ಕಲಿತವರ ಕೈಗೆ ಮಷಿನ್ ಕೊಡಬಹುದು.

ಕುರ್ಚಿ ಇಡುವುದು ಗಟ್ಟಿ ಇರುವ ಪಕ್ಕಕ್ಕೆ. ಪಾರ್ಶ್ವವಾಯುವಿನಿಂದ ಬಲಭಾಗ ಸೋತಿದ್ದರೆ ಕುರ್ಚಿ ಎಡಕ್ಕೆ, ಮಂಚಕ್ಕೆ ತಾಗಿಕೊಂಡು, 30ರಿಂದ 45 ಡಿಗ್ರಿ ಓರೆಯಾಗಿ. ಗಾಲಿಕುರ್ಚಿಯಾದರೆ ಎರಡೂ ಬ್ರೇಕ್ ಹಾಕಿ, ಪಾದ ಇಡುವ ಹಲಗೆಗಳನ್ನು ಮೇಲೆ ಮಡಚಿ. ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಮಾತ್ರ ಇದ್ದರೆ, ಕೈಗಳಿರುವುದನ್ನೇ ಆರಿಸಿ, ಹಿಂದಕ್ಕೆ ಜಾರದ ಹಾಗೆ ಗೋಡೆಗೆ ಒತ್ತಿ ಇಡಿ. ಮಳೆಗಾಲದಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಯ ಪ್ಲಾಸ್ಟಿಕ್ ಕಾಲು ನಿಲ್ಲುವುದಿಲ್ಲ. ಚಳಿಗೆಂದು ಹಾಕಿದ ಉಣ್ಣೆಯ ಕಾಲುಚೀಲವನ್ನೂ ತೆಗೆಯಿರಿ. ಬರಿಗಾಲು, ಇಲ್ಲವೇ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ.

ಮಲಗಿದವರನ್ನು ಕೈಹಿಡಿದು ನೇರವಾಗಿ ಎಳೆದು ಕೂರಿಸಬೇಡಿ. ಮಂಡಿ ಮಡಚಿಸಿ, ಮಗ್ಗುಲಿಗೆ ಹೊರಳಿಸಿ, ಎರಡೂ ಕಾಲು ಮಂಚದಿಂದ ಕೆಳಗೆ ಇಳಿಬಿಡಿಸಿ. ಕಾಲಿನ ಭಾರ ಕೆಳಗೆಳೆಯುವ ಹೊತ್ತಿಗೆ ಅವರು ಮೊಣಕೈ ಊರಿ ಏಳುತ್ತಾರೆ, ನೀವು ಹೆಗಲ ಹಿಂಭಾಗಕ್ಕೆ ಆಸರೆ ಕೊಟ್ಟರೆ ಸಾಕು. ಆಮೇಲೆ ಅಂಚಿನಲ್ಲೇ ಎರಡು ಮೂರು ನಿಮಿಷ ಕೂರಿಸಿ. ದಿನಗಟ್ಟಲೆ ಮಲಗಿದವರಿಗೆ ಎದ್ದ ಕೂಡಲೇ ರಕ್ತ ಕಾಲಿಗಿಳಿದು ತಲೆ ಸುತ್ತುತ್ತದೆ. ಆಕಳಿಕೆ, ತಣ್ಣನೆಯ ಬೆವರು, ಬಿಳಿಚಿದ ತುಟಿ, ಕೇಳಿದ್ದಕ್ಕೆ ತಡವಾಗಿ ಬರುವ ಉತ್ತರ, ಇವು ಬೀಳುವ ಮೊದಲಿನ ಸೂಚನೆ. ಕಂಡರೆ ಮತ್ತೆ ಮಲಗಿಸಿ. ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅಂದಿನ ಅಭ್ಯಾಸ ನಿಲ್ಲಿಸಿ ಫಿಸಿಯೋಥೆರಪಿಸ್ಟರಿಗೆ ತಿಳಿಸಲೇಬೇಕು.

ಹಿಡಿಯುವುದು ಎಲ್ಲಿ? ಏಳಿಸುವಾಗ ಹಿಡಿಯಲೆಂದೇ ರೋಗಿಯ ಸೊಂಟಕ್ಕೆ ಕಟ್ಟುವ ಅಗಲ ಬೆಲ್ಟನ್ನು. ಬಟ್ಟೆಯ ಮೇಲೆ ಕಟ್ಟಿ, ಎರಡು ಬೆರಳು ನುಸುಳುವಷ್ಟು ಬಿಗಿ ಇರಲಿ, ಅಂಗೈ ಮೇಲ್ಮುಖವಾಗಿ ಕೆಳಗಿನಿಂದ ಹಿಡಿಯಿರಿ. ಹೊಟ್ಟೆಯ ಆಪರೇಷನ್ ಆದವರಿಗೆ ಕೇಳದೆ ಕಟ್ಟಬೇಡಿ. ಬೆಲ್ಟ್ ಇಲ್ಲದಿದ್ದರೆ ಗಟ್ಟಿ ಹತ್ತಿಯ ಪಂಚೆಯನ್ನು ಅಗಲ ಪಟ್ಟಿಯಾಗಿ ಮಡಚಿ ಕಟ್ಟಬಹುದು. ಲುಂಗಿಯ ಗಂಟು, ಸೀರೆಯ ಸೊಂಟ ಹಿಡಿದರೆ ಬಟ್ಟೆ ಕೈಗೆ ಬರುತ್ತದೆ, ಮನುಷ್ಯ ನೆಲಕ್ಕೆ. ಅವರ ಮಾನವೂ ಹೋಗುತ್ತದೆ, ಅದು ಸಣ್ಣ ವಿಷಯವಲ್ಲ.

ಈಗ ಏಳಿಸುವುದು. ಅವರು ಅಂಚಿಗೆ ಸರಿದು ಕೂರಲಿ. ಹಿಮ್ಮಡಿ ಮಂಡಿಗಿಂತ ಹಿಂದೆ ಬರಲಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಲಿ. ಹೀಗೆ ಬಾಗಿದಾಗ ಮೈಭಾರ ಪಾದದ ಮೇಲೆ ಬರುತ್ತದೆ, ಪೃಷ್ಠ ತಾನಾಗಿ ಹಗುರಾಗುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲಿದೆ: ಬೀಳುತ್ತಾರೆಂಬ ಹೆದರಿಕೆಯಲ್ಲಿ ಎದುರಿಗೇ ಅಂಟಿ ನಿಲ್ಲುತ್ತಾರೆ. ಬಾಗಲು ಜಾಗವಿಲ್ಲದವರು ಏಳುವುದಾದರೂ ಹೇಗೆ? ಆಗ ಇಡೀ ಭಾರ ನಿಮ್ಮ ಸೊಂಟಕ್ಕೆ. ಸೋತ ಪಕ್ಕಕ್ಕೆ ಸ್ವಲ್ಪ ಓರೆಯಾಗಿ ನಿಂತು, ಅವರ ಸೋತ ಮಂಡಿ ಮಡಚದಂತೆ ನಿಮ್ಮ ಮಂಡಿಯನ್ನು ಅದರ ಮುಂದೆ ಕೊಡಿ. ನಿಮ್ಮ ಮಂಡಿ ಬಾಗಿರಲಿ, ಬೆನ್ನು ನೇರವಿರಲಿ. ತಿರುಗುವಾಗ ಸೊಂಟ ತಿರುಚದೆ ಪಾದ ಎತ್ತಿಟ್ಟು ತಿರುಗಿ. ಅವರು ನಿಮ್ಮ ಕತ್ತಿಗೆ ಜೋತುಬೀಳಬಾರದು.

ಎಣಿಸಿ ಏಳಿಸಿ, ಅವರಿಗೆ ತಿಳಿಯುವ ಭಾಷೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಒಂದು ವಾರ್ಡಿನಲ್ಲೇ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಭಾಷೆ ಎಲ್ಲ ಇರುತ್ತವೆ. ಪಾರ್ಶ್ವವಾಯು ಆದ ಅಜ್ಜಿಗೆ ಕನ್ನಡದ "ಒಂದು, ಎರಡು, ಮೂರು" ತಲುಪದೆ ಕೊಡವ ತಕ್ಕ್‌ನಲ್ಲಿ "ಒಂದ್, ದಂಡ್, ಮೂಂದ್" ಅಂದಾಗ ಮೈ ಮುಂದೆ ಬರಬಹುದು. ಮೂರು ಎಂದಾಗ ಏಳಬೇಕೋ, ಮೂರಾದ ಮೇಲೋ, ಅದನ್ನೂ ಮೊದಲೇ ಹೇಳಿಡಿ.

ನಿಂತ ಮೇಲೆ ಒಂದು ಉಸಿರಿನಷ್ಟು ಹೊತ್ತು ಕಾಯಿರಿ. ಸಣ್ಣ ಹೆಜ್ಜೆಯಲ್ಲಿ ತಿರುಗಿಸಿ. ಕುರ್ಚಿಯ ಅಂಚು ಮಂಡಿಯ ಹಿಂಭಾಗಕ್ಕೆ ತಾಗಿದ ಮೇಲೆ, ಗಟ್ಟಿ ಕೈಯಿಂದ ಕುರ್ಚಿಯ ಕೈ ಹಿಡಿದು, ಬಾಗಿ, ನಿಧಾನ ಕೂರಲಿ. ನಡುವೆ ಕಾಲು ಕುಸಿದರೆ ಎತ್ತಿ ಹಿಡಿಯಲು ಹೋಗಬೇಡಿ. ಬೆಲ್ಟ್ ಹಿಡಿದು ಹತ್ತಿರ ಎಳೆದುಕೊಂಡು, ನಿಮ್ಮ ತೊಡೆಯ ಮೇಲೆ ಜಾರಿಸಿ ನೆಲಕ್ಕೆ ಇಳಿಸಿ, ತಲೆ ಕಾಯಿರಿ. ಕೂಡಲೇ ಎಬ್ಬಿಸಬೇಡಿ. ತೊಡೆಸಂದಿಯಲ್ಲಿ ನೋವಿದ್ದು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಮೂಳೆ ಮುರಿದಿರಬಹುದು. ಅಲ್ಲೇ ಮಲಗಿಸಿ ವೈದ್ಯರನ್ನು ಕರೆಯಿರಿ.

ಇನ್ನು ಭುಜ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ: ಪಾರ್ಶ್ವವಾಯು ಆದವರನ್ನು ಕಂಕುಳಿಗೆ ಕೈಹಾಕಿ ಎತ್ತಬೇಡಿ, ಸೋತ ಕೈ ಹಿಡಿದು ಎಳೆಯಬೇಡಿ. ಭುಜದ ಗುಂಡನ್ನು ಅದರ ಕುಳಿಯಲ್ಲಿ ಹಿಡಿದಿಡುವುದು ಸುತ್ತಲಿನ ಸ್ನಾಯುಗಳು. ಅವು ಸಡಿಲವಾದಾಗ ಕೈಯ ಭಾರಕ್ಕೇ ಗುಂಡು ಕೆಳಗಿಳಿಯುತ್ತದೆ, ಹೆಗಲ ಮೂಳೆಯ ಕೆಳಗೆ ಬೆರಳು ಇಟ್ಟರೆ ಸಂದು ಸಿಗುತ್ತದೆ. ಕೂತಾಗ ಮುಂಗೈ ಕೆಳಗೆ ದಿಂಬು ಇರಲಿ. ಕೈಯಾಡಿಸುವಾಗ ಒಂದು ಕೈ ಅವರ ಮೊಣಕೈ ಬಳಿ, ಇನ್ನೊಂದು ಮಣಿಕಟ್ಟಿನ ಬಳಿ. ನಿಧಾನವಾಗಿ ಐದರಿಂದ ಹತ್ತು ಸಲ, ಫಿಸಿಯೋಥೆರಪಿಸ್ಟ್ ತೋರಿಸಿಕೊಡದೆ ಭುಜದ ಮಟ್ಟಕ್ಕಿಂತ ಮೇಲೆ ಬೇಡ. ತೊಲೆಗೆ ಹಗ್ಗ, ರಾಟೆ ಕಟ್ಟಿ ಸೋತ ಕೈಯನ್ನು ಮೇಲೆಳೆಸುವ ಅಭ್ಯಾಸ ಹಲವು ಮನೆಗಳಲ್ಲಿದೆ. ದಯವಿಟ್ಟು ಬಿಚ್ಚಿಸಿ, ಅದು ಭುಜವನ್ನು ಇನ್ನಷ್ಟು ಕೆಡಿಸುತ್ತದೆ.

ಎಣ್ಣೆ ತಿಕ್ಕುವ ವಿಷಯಕ್ಕೂ ಒಂದು ಎಚ್ಚರ. ಆಪರೇಷನ್ ಆದ ಮೇಲೆ ಅಥವಾ ಬಹಳ ದಿನ ಮಲಗಿದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬಾರದು, ನಡೆಸಲೂಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಬಿಸಿ ಶಾಖ ಕೊಡುವ ಮೊದಲು ಚರ್ಮಕ್ಕೆ ಬಿಸಿ ತಣ್ಣಗೆ ತಿಳಿಯುತ್ತದೆಯೇ ಪರೀಕ್ಷಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ.

ಕೋಲಿನ ಲೆಕ್ಕ ಸುಲಭ, ಆದರೂ ತಪ್ಪುತ್ತದೆ. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು, ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿ ಬಾಗಬೇಕು. ತೋಟದಲ್ಲಿ ಕಡಿದು ತಂದ ಎದೆಯುದ್ದದ ದೊಣ್ಣೆ ಭಾರ ಹೊರುವುದಿಲ್ಲ. ನೋವಿನ ಕಾಲು ಬಲಗಾಲಾದರೆ ಕೋಲು ಎಡಗೈಯಲ್ಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಆಮೇಲೆ ಕೋಲು ಮತ್ತು ನೋವಿನ ಕಾಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಸಹಾಯಕರು ಎರಡೂ ಸಲ ಕೆಳಗಿನ ಮೆಟ್ಟಿಲ ಕಡೆ ಇರಬೇಕು: ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ. ಐನ್‌ಮನೆಯ (ಕೊಡವರ ಮೂಲಮನೆ) ಕಲ್ಲು ಮೆಟ್ಟಿಲಾಗಲಿ ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಅಂಗಳವಾಗಲಿ, ಜೂನ್ ಕಳೆದರೆ ಪಾಚಿ. ಕೋಲಿನ ತುದಿಯ ರಬ್ಬರ್ ತಿರುಗಿಸಿ ನೋಡಿ: ಗೆರೆ ಸವೆದಿದ್ದರೆ ಬದಲಿಸಿ, ಒದ್ದೆಯಾಗಿದ್ದರೆ ಒಳಗೆ ಬರುವ ಮೊದಲು ಒರೆಸಿ. ಬಾಗಿಲಲ್ಲಿ ಹಾಸಿದ ಗೋಣಿಚೀಲಕ್ಕೆ ಕಾಲು, ಕೋಲು ಎರಡೂ ಸಿಕ್ಕಿಕೊಳ್ಳುತ್ತವೆ. ನಡಿಗೆಯ ಅಭ್ಯಾಸ ಮುಗಿಯುವ ತನಕ ಅದನ್ನು ಎತ್ತಿಡಿ.

ಸಹಾಯಕರ ಮಿತಿಯನ್ನೂ ಹೇಳಿಬಿಡುತ್ತೇನೆ. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಯಾವ ವ್ಯಾಯಾಮ ಎಷ್ಟು ಎಂದು ತೀರ್ಮಾನಿಸುವುದು ಫಿಸಿಯೋಥೆರಪಿಸ್ಟ್. ಹೇಳಿದ್ದನ್ನು ಕಡಿಮೆ ಮಾಡುವ, ನಿಲ್ಲಿಸುವ ಹಕ್ಕು ನಿಮಗಿದೆ, ಹೆಚ್ಚಿಸುವುದು ನಿಮ್ಮದಲ್ಲ. "ಇವತ್ತು ಚೆನ್ನಾಗಿದ್ದಾರೆ" ಎಂದು ಬರೆದ ಪುಸ್ತಕದಿಂದ ಅವರಿಗೆ ಏನೂ ತಿಳಿಯದು. ಹೀಗೆ ಬರೆಯಿರಿ: "ಮಂಚದಿಂದ ಕುರ್ಚಿಗೆ, ಒಬ್ಬರ ನೆರವು, ಬೆಲ್ಟ್ ಬಳಸಿದೆ. ಎಡಮಂಡಿ ಎರಡು ಸಲ ಕುಸಿಯಿತು. 20 ನಿಮಿಷ ಕೂತರು. ಎಡಭುಜದಲ್ಲಿ ನೋವು, ನಿನ್ನೆ ಇರಲಿಲ್ಲ."