ಒಂದು ಮೈಲಿ ನದಿ, ಹನ್ನೊಂದು ವರ್ಷದ ನಕ್ಷೆ

ನವೆಂಬರ್ 2024

ನನ್ನದು ನದಿಯ ತಳದ ನಕ್ಷೆ, ಏನಿದೆ ಅಂತ ಗೊತ್ತಿಲ್ಲದ ಕಡೆ ಪ್ರಶ್ನೆ ಗುರುತು. ಹೋದ ವಾರ ಅಂಥ ಎರಡು ಗುರುತು ಅಳಿಸಿದೆ, ಹೊಸದೊಂದು ಹಾಕಿದೆ. ಲೆಕ್ಕ ಹಾಕಿದರೆ ಇದು ಒಳ್ಳೆಯ ವಾರವೇ. ಅಕ್ಟೋಬರ್‌ನಲ್ಲಿ ಇಲ್ಲಿ ಮಳೆ ಬಂದದ್ದೇ ಇಲ್ಲ ಅನ್ನಬಹುದು. ನದಿಯ ಎಲುಬೆಲ್ಲ ಮೇಲೆ ಕಾಣುತ್ತಿದೆ. ಗಾಳ ಹಾಕುವವರಿಗೆ ಬೇಜಾರು, ನಕ್ಷೆ ಬರೆಯುವವನಿಗೆ ಹಬ್ಬ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ನನ್ನ ಮನೆ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಹತ್ತಿರ, ಸಸ್ಕ್ವೆಹಾನಾ ನದಿಯಿಂದ ಎಂಟು ನಿಮಿಷದ ನಡಿಗೆ. ರಾಕ್‌ವಿಲ್ ರೈಲು ಸೇತುವೆಯಿಂದ ಮೇಲಕ್ಕೆ ಒಂದು ಮೈಲಿ, ಅಷ್ಟೇ ನನ್ನ ನದಿ. ಅದರ ತಳದಲ್ಲಿ ಎಲ್ಲಿ ಹಾಸುಬಂಡೆ, ಎಲ್ಲಿ ಮಡು, ಎಲ್ಲಿ ಸೆಳವು ಅಂತ ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತಾ ಬಂದಿದ್ದೇನೆ. ಒಂಬತ್ತು ಹಾಳೆ, ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇನೆ. ಇದಕ್ಕೆ ಆ್ಯಪ್ ಇಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇದೆ. ಆದರೆ ಮೊಣಕಾಲು ನೀರಿನಲ್ಲಿ ನಡೆಯುವವನಿಗೆ ಬೇಕಾದ್ದು ಅದರಲ್ಲಿ ಇಲ್ಲ.

ಸೇತುವೆಯೇ ನನ್ನ ಅಳತೆಗೋಲು. 1902ರಲ್ಲಿ ಮುಗಿದ ಕಲ್ಲಿನ ಕಮಾನು ಸೇತುವೆ ಅದು. 48 ಕಮಾನು, 3,820 ಅಡಿ ಉದ್ದ. ಅಂದರೆ ಕಮಾನಿಗೆ ಹತ್ತಿರ ಹತ್ತಿರ 80 ಅಡಿ. ನೀರಿನಲ್ಲಿ ನಿಂತು ಹೊಳೆ ಹರಿಯುವ ಕಡೆಗೆ ನೋಡುವುದು, ನೇರ ಎದುರಿಗೆ ಯಾವ ಕಮಾನು ಬರುತ್ತದೆ ಅಂತ ಪೂರ್ವ ದಡದಿಂದ ಎಣಿಸುವುದು. ‘9ನೇ ಕಮಾನು, ವಾಲಿದ ಮರದ ನೇರ’ ಅಂತ ಬರೆದುಕೊಂಡರೆ ಮುಂದಿನ ವರ್ಷ ಹೋಗಿ ಅದೇ ಕಲ್ಲಿನ ಮೇಲೆ ಕಾಲಿಡಬಹುದು. ಕತ್ತಲಾದ ಮೇಲೆ ಎಣಿಕೆ ತಪ್ಪುತ್ತದೆ. ಗೂಡ್ಸ್ ರೈಲು ಹೋಗುವಾಗಲೂ ತಪ್ಪುತ್ತದೆ, ಯಾಕೆಂದರೆ ಡಬ್ಬಿ ಎಣಿಸಲು ಶುರು ಮಾಡಿಬಿಡುತ್ತೇನೆ.

2014, ಮೊದಲ ವರ್ಷ

ನಾನು ತೀರ್ಥಹಳ್ಳಿ ಕಡೆಯವನು. ಬಿದಿರು ಕೋಲು, ಬೆಂಡು, ಎರೆಹುಳು, ಇಷ್ಟು ಗೊತ್ತಿತ್ತು. ಲೈಸೆನ್ಸ್ ಮಾಡಿಸಿ, ಅಂಗಡಿಯಲ್ಲಿ ಸಿಕ್ಕ ಅಗ್ಗದ ರೀಲು ಹಿಡಿದು ಫೋರ್ಟ್ ಹಂಟರ್ ಹತ್ತಿರ ಹೊಳೆಗಿಳಿದೆ. ಎರಡು ತಿಂಗಳು ಅಂಗೈಯಗಲದ ಮೀನು ಬಿಟ್ಟರೆ ಏನೂ ಇಲ್ಲ.

ಜುಲೈನಲ್ಲಿ ಒಂದು ಸಂಜೆ ಬಂಡೆಯ ಹಿಂದಿನ ಸುಳಿಯಲ್ಲಿ ದಾರ ಸುಮ್ನೆ ಪಕ್ಕಕ್ಕೆ ಸರಿಯಿತು. ಎಳೆದೆ. ಮೀನು ನೀರಿನಿಂದ ಎರಡು ಅಡಿ ಮೇಲೆ ಎಗರಿ ತಲೆ ಕೊಡವಿತು. ಊರಿನ ಹೊಳೆಯಲ್ಲಿ ಗಾಳಕ್ಕೆ ಬಿದ್ದ ಮೀನು ಕೆಳಕ್ಕೆ ಎಳೆಯುವುದನ್ನಷ್ಟೇ ಕಂಡವನು ನಾನು. ಇದು ಆಕಾಶಕ್ಕೆ ಎಳೆಯಿತು.

ಕೈಯಲ್ಲಿ ಹಿಡಿದು ನೋಡಿದೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ಇನ್ನೂ ತೊಳೆಯದೆ ಬಿಟ್ಟಂಥ ಬಣ್ಣ. ಮೈಮೇಲೆ ಅಡ್ಡಡ್ಡ ಕಪ್ಪು ಪಟ್ಟೆ. ಕಣ್ಣು ಮಾತ್ರ ಕೆಂಡ. ಮೇಲ್ದವಡೆ ಕಣ್ಣಿನ ನಡುಭಾಗಕ್ಕೇ ಮುಗಿಯುತ್ತದೆ, ದಾಟುವುದಿಲ್ಲ. ದಾಟಿದರೆ ಅದು ಲಾರ್ಜ್‌ಮೌತ್ ಬಾಸ್ ಅನ್ನುವ ಇನ್ನೊಂದು ಜಾತಿ, ಇದು ಸ್ಮಾಲ್‌ಮೌತ್ ಬಾಸ್. ಹೆಸರಿಗಷ್ಟೇ ಸಣ್ಣ ಬಾಯಿ. ಗಂಟಲಿನೊಳಗಿಂದ ಎರಡು ಉದ್ದ ಮೀಸೆ ಆಚೆ ಚಾಚಿಕೊಂಡು ಅಲ್ಲಾಡುತ್ತಿದ್ದವು. ಇಡಿಯಾಗಿ ನುಂಗಿದ್ದ ಕ್ರೇಫಿಶ್. ಸೀಗಡಿಗೂ ಏಡಿಗೂ ನಡುವಿನ ಪ್ರಾಣಿ ಅಂದುಕೊಳ್ಳಿ. ಒಂದು ಊಟ ಗಂಟಲಲ್ಲೇ ಇರುವಾಗ ನನ್ನ ಗಾಳಕ್ಕೂ ಬಾಯಿ ಹಾಕಿತ್ತು ಮಹಾರಾಯ. ಅಳತೆ 13 ಇಂಚು.

ನೀರಿಗೆ ಬಿಟ್ಟೆ. ಬಿಡಲೇಬೇಕಿತ್ತು. ಈ ಭಾಗದಲ್ಲಿ ಸ್ಮಾಲ್‌ಮೌತ್ ಹಿಡಿದರೆ ಆಗಲೇ ವಾಪಸ್ ಬಿಡಬೇಕು ಅನ್ನುವ ನಿಯಮ ನಾನು ಬರುವುದಕ್ಕೆ ಮುಂಚೆಯೇ ಬಂದಿತ್ತು. ಆ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. “ಹಿಡಿದು ಬಿಡುಕೆ ಹೊಳೆಗೆ ಹೋಗ್ಬೇಕನಾ?” ಅಂದಳು. ಇವತ್ತಿಗೂ ಅದಕ್ಕೆ ಸರಿಯಾದ ಉತ್ತರ ಕೊಟ್ಟಿಲ್ಲ.

2015

ಬಿಡಬೇಕು ಅನ್ನುವ ನಿಯಮ ಯಾಕೆ ಅನ್ನುವುದು ಈ ವರ್ಷ ಅರ್ಥವಾಯಿತು. 2005ರಿಂದ ಈ ನದಿಯಲ್ಲಿ ಮರಿಬಾಸ್‌ಗಳು ಬೇಸಿಗೆಯಲ್ಲಿ ಸಾಯಲು ಶುರುವಾಗಿದ್ದವು. ನೀರು ಕಡಿಮೆ, ಬಿಸಿ ಜಾಸ್ತಿ, ಮೈಮೇಲೆ ಬಿಳಿ ಮಚ್ಚೆ. ದೊಡ್ಡವಕ್ಕೆ ಹುಣ್ಣು. ಗಂಡುಮೀನಿನ ವೃಷಣದಲ್ಲಿ ಮೊಟ್ಟೆಯಂಥ ಕೋಶ ಸಿಕ್ಕಿದ್ದೂ ಉಂಟು. 2014ರ ಕೊನೆಗೆ ಒಬ್ಬರಿಗೆ ಸಿಕ್ಕ ಮೀನಿನ ದವಡೆಯ ಮೇಲೆ ಗಡ್ಡೆ ಇತ್ತು, ಅದು ಕ್ಯಾನ್ಸರ್ ಅಂತ 2015ರಲ್ಲಿ ರಾಜ್ಯದ ಮೀನುಗಾರಿಕೆ ಆಯೋಗ ಹೇಳಿತು. ಆ ಡಿಸೆಂಬರ್‌ನಲ್ಲಿ ರಾಜ್ಯದ ದೊಡ್ಡ ಅಧ್ಯಯನವೂ ಹೊರಬಂತು. ಹಾರ್ಮೋನು ಕೆಡಿಸುವ ರಾಸಾಯನಿಕಗಳು, ಕಳೆನಾಶಕ, ರೋಗಾಣು, ಪರಾವಲಂಬಿ, ಹೆಚ್ಚಾಗಿ ಇವೇ ಕಾರಣ ಅಂತ. ಅಂದರೆ ಒಬ್ಬನೇ ಕಳ್ಳ ಅಲ್ಲ.

ಮೊಟ್ಟೆ ಕಾಲದ ನಿಯಮ ಇನ್ನಷ್ಟು ಬಿಗಿಯಿತ್ತು. ಆಗೆಲ್ಲ ಮೇ 1ರಿಂದ ಜೂನ್ ನಡುವಿನವರೆಗೆ ಬೇಕೆಂದೇ ಬಾಸ್ ಹಿಂದೆ ಬೀಳುವ ಹಾಗೇ ಇರಲಿಲ್ಲ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಗಂಡುಮೀನು ಜಲ್ಲಿಯಲ್ಲಿ ಬಾಲದಿಂದ ಬಟ್ಟಲಿನಂಥ ಗುಂಡಿ ತೋಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ. ಕಾವಲು ಗಂಡಿನದೇ. ಅದನ್ನು ಎಳೆದು ದಡಕ್ಕೆ ತಂದರೆ ಆ ಎರಡು ನಿಮಿಷದಲ್ಲಿ ಬೇರೆ ಮೀನು ಬಂದು ಮೊಟ್ಟೆ ಖಾಲಿ ಮಾಡುತ್ತವೆ.

ಇದನ್ನು ಓದುವಾಗ ನಮ್ಮ ಹತ್ತುಮೀನು ನೆನಪಾಯಿತು. ಮುಂಗಾರಿನ ಮೊದಲ ಜೋರು ಮಳೆಗೆ ಮೊಟ್ಟೆಯಿಡಲು ಗದ್ದೆಗೆ ಹತ್ತಿ ಬರುವ ಮೀನನ್ನು ರಾತ್ರಿ ಬ್ಯಾಟರಿ ಬಿಟ್ಟು ಕತ್ತಿಯಲ್ಲಿ ಕಡಿಯುತ್ತಿದ್ದೆವು. ಅಪ್ಪಯ್ಯ ಮುಂದೆ, ನಾನು ಹಿಂದೆ ಕಂಬಳಿಕೊಪ್ಪೆ ಹಾಕಿಕೊಂಡು ಚೀಲ ಹಿಡಿದು. ಅದರ ಸಾರಿನ ರುಚಿ ಬಗ್ಗೆ ನಾನು ಸುಳ್ಳು ಹೇಳುವುದಿಲ್ಲ. ಈಗ ಊರಲ್ಲಿ ಮೀನು ಹತ್ತುವುದು ಕಡಿಮೆಯಾಗಿದೆ ಅಂತ ಅಪ್ಪಯ್ಯನೇ ಹೇಳುತ್ತಾರೆ. ಚೀಲ ಹಿಡಿದವನು ನಾನೇ ಅಲ್ವಾ, ಏನು ಹೇಳಲಿ.

2016: ಫೋನ್ ಗುಂಡಿ

ನಕ್ಷೆ ನಿಜವಾಗಿ ಶುರುವಾದದ್ದು ಬಿದ್ದ ಮೇಲೆ. ಅದಕ್ಕೆ ಮುಂಚೆ ಗೀಚಿದ್ದೆಲ್ಲ ಅಂದಾಜು. ಇಲ್ಲಿ ಬೆಟ್ಟದ ಸಾಲನ್ನು ನದಿ ಕತ್ತರಿಸಿಕೊಂಡು ಬರುತ್ತದೆ, ಹಾಗಾಗಿ ಬಂಡೆಯ ಪದರಗಳು ನದಿಗೆ ಅಡ್ಡಲಾಗಿ ಮೆಟ್ಟಿಲಿನಂತೆ ಎದ್ದಿವೆ. ಒಂದು ಪದರದ ಮೇಲೆ ಮೊಣಕಾಲುದ್ದ ನೀರು, ಒಂದು ಹೆಜ್ಜೆ ಮುಂದಿಟ್ಟರೆ ಎದೆ ಮುಳುಗುತ್ತದೆ. ಆಗಸ್ಟ್‌ನಲ್ಲಿ ಆ ಒಂದು ಹೆಜ್ಜೆ ಇಟ್ಟೆ. ರಾಡು ಹೋಯಿತು, ಫೋನ್ ಹೋಯಿತು, ಬಲ ಮೊಣಕಾಲಿನ ಚರ್ಮ ಹೋಯಿತು. ‘7ನೇ ಕಮಾನು, ಫೋನ್ ಗುಂಡಿ’ ಅಂತ ಮನೆಗೆ ಬಂದು ಬರೆದೆ. ಆಮೇಲಿನ ವರ್ಷಗಳಲ್ಲಿ ಅದೇ ಗುಂಡಿಯ ಮೇಲಂಚಿನಿಂದ ಜಾಸ್ತಿ ಮೀನು ಸಿಕ್ಕಿವೆ. ರಭಸದ ನೀರು ಬಂಡೆಯಿಂದ ಕೆಳಗೆ ಬೀಳುವಲ್ಲಿ ಮೀನು ಆರಾಮಾಗಿ ನೆರಳಲ್ಲಿ ನಿಂತಿರುತ್ತದೆ. ಊಟ ತಲೆ ಮೇಲಿಂದ ತೇಲಿಕೊಂಡು ಬರುತ್ತದೆ.

ಅವತ್ತಿನಿಂದ ಕೋಲು ಊರದೆ ಹೆಜ್ಜೆ ಇಡುವುದಿಲ್ಲ. ಹ್ಯಾರಿಸ್‌ಬರ್ಗ್ ಮಾಪಕದಲ್ಲಿ ನೀರು 4 ಅಡಿ ದಾಟಿದರೆ ಇಳಿಯುವುದೇ ಇಲ್ಲ. 17 ಅಡಿಗೆ ನೆರೆ ಅನ್ನುತ್ತಾರೆ. 2011ರ ಸೆಪ್ಟೆಂಬರ್‌ನಲ್ಲಿ 25 ಅಡಿ, 1972ರ ಆಗ್ನೆಸ್ ಚಂಡಮಾರುತಕ್ಕೆ 33 ಅಡಿ ಬಂದಿತ್ತು. ಇನ್ನೊಂದು ಮಾತು: ಕೆಳಗೆ ಊರಿನಲ್ಲಿ ನದಿಗೆ ಅಡ್ಡಲಾಗಿ ಡಾಕ್ ಸ್ಟ್ರೀಟ್ ಕಟ್ಟೆ ಇದೆ. ನೋಡಲು ಗಿಡ್ಡ, ಏನೂ ಅಲ್ಲ ಅನ್ನಿಸುತ್ತದೆ. ಅದರ ಕೆಳಗಿನ ಸುಳಿ ಸಿಕ್ಕಿದವರನ್ನು ತಿರುಗಿಸುತ್ತಲೇ ಇರುತ್ತದೆ, ಆಚೆ ಬಿಡುವುದಿಲ್ಲ. ಎಷ್ಟೋ ಜನ ಸತ್ತಿದ್ದಾರೆ. ದೋಣಿ ತಗೊಂಡು ಅತ್ತ ಹೋಗಲೇಬೇಡಿ.

2018

ಜುಲೈ ಕೊನೆಯಿಂದ ಬರೀ ಮಳೆ. ನಕ್ಷೆಗೆ ಒಂದು ಗೆರೆಯೂ ಸೇರಲಿಲ್ಲ.

2019–2022

ಈ ನಾಲ್ಕು ವರ್ಷದಲ್ಲಿ ಕಲಿತದ್ದರಲ್ಲಿ ದೊಡ್ಡದು ನೀರಿನ ಬಣ್ಣ. ಇಲ್ಲಿಂದ ಮೇಲೆ ಡಂಕನನ್ ಊರಿನ ಹತ್ತಿರ ಜೂನಿಯಾಟಾ ಅನ್ನುವ ಉಪನದಿ ಸೇರುತ್ತದೆ. ಸೇರಿದರೂ ಬೆರೆಯುವುದಿಲ್ಲ. ಪಶ್ಚಿಮ ದಡ ಹಿಡಿದುಕೊಂಡೇ ಮೈಲಿಗಟ್ಟಲೆ ಬರುತ್ತದೆ. ಆ ಕಡೆ ಮಳೆಯಾದರೆ ಸೇತುವೆಯ ಪಶ್ಚಿಮದ ಕಮಾನುಗಳಡಿ ಚಹಾ ಬಣ್ಣ, ನನ್ನ ಕಡೆ ತಿಳಿ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರುವುದನ್ನು ಚಿಕ್ಕವನಿದ್ದಾಗ ಎಷ್ಟು ಸಲ ನೋಡಿಲ್ಲ! ಆದರೂ ಇಲ್ಲಿ ಇದು ಕಣ್ಣಿಗೆ ಬೀಳಲು ಐದು ವರ್ಷ ಬೇಕಾಯಿತು. ಎರಡು ಬಣ್ಣ ಕೂಡುವ ಗೆರೆಯಲ್ಲಿ, ಕಲಕು ನೀರಿನ ಅಂಚಿನಲ್ಲಿ ಬಾಸ್ ಹೊಂಚು ಹಾಕುತ್ತದೆ. ನಕ್ಷೆಯಲ್ಲಿ ಈ ಗೆರೆ ಮಾತ್ರ ನೀಲಿ ಪೆನ್ಸಿಲ್, ಪ್ರತಿ ವಾರ ಬೇರೆ ಕಡೆ.

ಜುಲೈ ಕೊನೆ, ಆಗಸ್ಟ್‌ನಲ್ಲಿ ಬಿಳಿ ಮೇಫ್ಲೈ ಏಳುತ್ತದೆ. ಮೊದಲ ಮಳೆಗೆ ನಮ್ಮಲ್ಲಿ ಹಾತೆ ಏಳುವ ಹಾಗೆಯೇ, ಆದರೆ ನೀರಿನಿಂದ. ಕತ್ತಲಾಗುವ ಹೊತ್ತಿಗೆ ನದಿ ಮೇಲೆ ಹಿಮ ಬಿದ್ದಂತೆ. ಬೆಳಗಾಗುವಷ್ಟರಲ್ಲಿ ಎಲ್ಲ ಸತ್ತಿರುತ್ತವೆ. ಬಾಯಿಗೆ, ಕಿವಿಗೆ, ಅಂಗಿಯೊಳಗೆ ನುಗ್ಗುತ್ತವೆ. ಮೀನು ಎಲ್ಲ ಕಡೆ ಪಚಕ್ ಪಚಕ್ ಅಂತ ಮೇಲಕ್ಕೆ ಬರುತ್ತಿರುತ್ತದೆ, ನನ್ನ ರಬ್ಬರಿನ ಎರೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆ ರಾತ್ರಿಗಳಲ್ಲಿ ಫ್ಲೈ ರಾಡಿನವರದೇ, ಅಂದರೆ ಗಾಳಕ್ಕೆ ಕೂದಲು, ಗರಿ ಕಟ್ಟಿದ ಹುಸಿ ಹುಳ ಎಸೆಯುವವರದೇ ರಾಜ್ಯ. ಅಂದಹಾಗೆ ಪ್ರಪಂಚವೆಲ್ಲ ಬಳಸುವ ಕ್ಲೌಸರ್ ಮಿನ್ನೋ ಎಂಬ ಫ್ಲೈ ಹುಟ್ಟಿದ್ದು ಈ ನದಿಯ ಬಾಸ್‌ಗಾಗಿಯೇ. ಕಟ್ಟಿದವರು ಇಲ್ಲೇ ಕೆಳಗಿನ ಮಿಡಲ್‌ಟೌನ್‌ನ ಬಾಬ್ ಕ್ಲೌಸರ್. ಜಿಂಕೆ ಬಾಲದ ಕೂದಲು, ಮುಳುಗಲಿ ಅಂತ ಭಾರದ ಕಣ್ಣು, ಅಷ್ಟೇ. ನಾನು ನಾಲ್ಕು ಕಟ್ಟಿದೆ. ಮೂರು ಬಿಚ್ಚಿಹೋದವು.

ಬಾಸ್ ಈ ನದಿಯ ಮೂಲ ಮೀನಲ್ಲ ಅಂತ ಗೊತ್ತಾದದ್ದೂ ಈ ಹೊತ್ತಿಗೇ. 1854ರಲ್ಲಿ ರೈಲು ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ತೂತಿನ ಬಕೆಟ್ ಇಳಿಬಿಟ್ಟು, ಬೆಟ್ಟ ದಾಟಿಸಿ ಪೊಟೊಮ್ಯಾಕ್ ನದಿಯ ಕಡೆಗೆ ತಂದರಂತೆ. ಅಲ್ಲಿಂದ ಆಮೇಲೆ ಇಲ್ಲಿಗೆ. ಟಿಕೆಟ್ ಇಲ್ಲದ ಪ್ರಯಾಣ.

ಈ ಸೀಸನ್

ಈಗ ಮೀನಿನ ಸಂಖ್ಯೆ ಬರೆಯುವುದನ್ನು ಬಿಟ್ಟಿದ್ದೇನೆ. ನೀರಿನ ಮಟ್ಟ, ಬಿಸಿ, ಬಣ್ಣ, ಕಮಾನು, ಹಿಡಿದ ದೊಡ್ಡ ಮೀನಿನ ಅಳತೆ, ಇಷ್ಟೇ. 20 ಇಂಚು ಇನ್ನೂ ಸಿಕ್ಕಿಲ್ಲ. ಅಷ್ಟು ಬೆಳೆಯಲು ಇಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಬೇಕು, ಅಂದರೆ ನಾನು ಫೋನ್ ಕಳೆದುಕೊಳ್ಳುವಾಗ ಬೆರಳುದ್ದ ಇದ್ದ ಮೀನು ಈಗ ಅಲ್ಲಿಗೆ ಬರುತ್ತಿರಬೇಕು.

ಹೋದ ಶನಿವಾರ ಮಗಳ ಜೊತೆ ಕಯಾಕಿನಲ್ಲಿ ಹೋಗಿದ್ದೆ. ನವೆಂಬರ್ 1ರಿಂದ ಏಪ್ರಿಲ್ ಕೊನೆವರೆಗೆ ಚಿಕ್ಕ ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟಿರಲೇಬೇಕು, ಇಬ್ಬರೂ ಬಾತುಕೋಳಿಗಳ ಹಾಗೆ ಕಾಣುತ್ತಿದ್ದೆವು. ತಣ್ಣೀರಿನಲ್ಲಿ ಮೀನು ಮಡುವಿಗೆ ಇಳಿದಿರುತ್ತದೆ, ನಿಧಾನ. 14ನೇ ಕಮಾನಿನ ನೇರಕ್ಕೆ ಹಸಿರು ಟ್ಯೂಬನ್ನು, ಅಂದರೆ ಟೊಳ್ಳು ರಬ್ಬರಿನ ಎರೆಯನ್ನು, ತಳದಲ್ಲಿ ತೆವಳಿಸುತ್ತಿದ್ದೆ. ಕಲ್ಲು ತಾಗಿದರೆ ‘ಟಕ್’ ಅಂತ ರಾಡಿಗೆ ಗೊತ್ತಾಗುತ್ತದೆ. ಇದು ಟಕ್ ಅಲ್ಲ. ಮೆತ್ತಗೆ ಒತ್ತಿ ಬಿಟ್ಟ ಹಾಗೆ. ಮತ್ತೆ ಎಳೆದೆ, ಅದೇ. ಮೂರನೇ ಸಲ ಮೀನು ಬಂತು.

ಅಳತೆ ಹಲಗೆ ಮೇಲಿಟ್ಟರೆ 19 ಮುಕ್ಕಾಲು. “ಬಾಲ ಸ್ವಲ್ಪ ಒತ್ತಪ್ಪ, ಇಪ್ಪತ್ತಾಗತ್ತೆ” ಅಂದಳು ಮಗಳು. ಒತ್ತಿದರೆ ಆಗುತ್ತಿತ್ತು, ಅದೂ ನಿಯಮದೊಳಗೇ ಅನ್ನುವವರು ಇದ್ದಾರೆ. ನಾನು ಮೊದಲಿನಿಂದ ಒತ್ತದೆ ಅಳೆದವನು. ಹಳೆಯದನ್ನೆಲ್ಲ ಈಗ ಯಾರು ತಿದ್ದುತ್ತಾರೆ? ನೀರಿನಲ್ಲಿ ಹಿಡಿದು ನಿಂತೆ. ಕಿವಿರು ನಾಲ್ಕೈದು ಸಲ ಆಡಿತು. ಹೆಬ್ಬೆರಳನ್ನು ಒಮ್ಮೆ ಕಚ್ಚಿ ಹೊರಟುಹೋಯಿತು.

ಅಲ್ಲಿ ತಳದಲ್ಲಿ ಇರುವುದು ಮುಳುಗಿದ ಮರವೋ, ಬೇರೆ ಏನೋ. 2020ರ ಹಾಳೆಯಲ್ಲಿ ಆ ಜಾಗಕ್ಕೆ ‘ಬರೀ ಜಲ್ಲಿ’ ಅಂತ ನಾನೇ ಬರೆದಿದ್ದೇನೆ. ಅದನ್ನು ಹೊಡೆದುಹಾಕಿ ಪ್ರಶ್ನೆ ಗುರುತು ಹಾಕಿದ್ದೇನೆ. ಗುರುವಾರ ಮಳೆ ಅಂತಿದ್ದಾರೆ. ಅದಕ್ಕೆ ಮುಂಚೆ ಇನ್ನೊಂದು ಸಲ ಹೋಗಬೇಕು, ಈ ಸಲ ಉದ್ದ ಕೋಲು ತಗೊಂಡು.