ತುದಿಮನೆಯಲ್ಲ, ಸಾಲಿಗೆ ಸಾಲೇ

12 ಜುಲೈ 2025, ಶನಿವಾರ

ಗೆಳೆಯನೊಬ್ಬ ತಾತ್ಕಾಲಿಕ ಮನೆಗಳ ನಕ್ಷೆ ಕಳಿಸಿದ್ದಾನೆ. ಪ್ರವಾಹವೋ ಭೂಕಂಪವೋ ಆದ ಮೇಲೆ ಬೇಗ ಎಬ್ಬಿಸಬಹುದಾದ ಶೆಡ್ಡುಗಳ ಸಾಲು. ಅಚ್ಚುಕಟ್ಟಾಗಿದೆ. ವೀಲ್‌ಚೇರ್ ಮಾತ್ರ ಒಳಗೆ ಹೋಗುವುದಿಲ್ಲ.

ನೆರವು ಸಂಸ್ಥೆಗಳು ನೆಚ್ಚುವ ಸ್ಫಿಯರ್ ಕೈಪಿಡಿ ತಲಾ ಕನಿಷ್ಠ 3.5 ಚದರ ಮೀಟರ್ ಜಾಗ ಕೊಡಿ ಅನ್ನುತ್ತದೆ. ವೀಲ್‌ಚೇರ್ ಒಂದು ಸುತ್ತು ತಿರುಗಲು ಒಂದೂವರೆ ಮೀಟರ್ ಉದ್ದಗಲ ಬೇಕು. ಅಲ್ಲಿಗೇ 2.25 ಚದರ ಮೀಟರ್ ಹೋಯಿತು. ಮನೆಮಂದಿ ಜೊತೆಗಿದ್ದರೆ ಹೇಗೋ ಹೊಂದಿಸಿಕೊಳ್ಳಬಹುದು. ಒಬ್ಬರೇ ಇರುವವರಿಗೆ ಮಿಕ್ಕಿದ್ದರಲ್ಲಿ ಮಂಚವೂ ಹಿಡಿಸದು.

ನೀರು ನುಗ್ಗದಿರಲೆಂದು ನೆಲವನ್ನು 45 ಸೆಂ.ಮೀ. ಎತ್ತರಿಸಿದ್ದಾನೆ, ಸರಿಯೇ. ಆದರೆ ಒಂದು ಅಳತೆ ಎತ್ತರಕ್ಕೆ ಹನ್ನೆರಡರಷ್ಟು ಉದ್ದದ ಲೆಕ್ಕದಲ್ಲಿ ಪ್ರತಿ ಬಾಗಿಲಿಗೂ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಎರಡು ಸಾಲುಗಳ ನಡುವೆ ಅವನು ಬಿಟ್ಟಿರುವುದೇ 3 ಮೀಟರ್! ‘ತುದಿಯ ಎರಡು ಮನೆ ಅಂಗವಿಕಲರಿಗೆ’ ಅಂತ ಬರೆದು ಕೈತೊಳೆದುಕೊಂಡಿದ್ದಾನೆ.

ನನ್ನ ತಕರಾರು ಇರುವುದು ಅಲ್ಲೇ. 1995ರ ಕೋಬೆ ಭೂಕಂಪದ ನಂತರ ಜಪಾನ್ ಸುಮಾರು 48,000 ತಾತ್ಕಾಲಿಕ ಮನೆ ಕಟ್ಟಿತು. ವಯಸ್ಸಾದವರಿಗೆ, ಅಂಗವಿಕಲರಿಗೆ ಮೊದಲ ಆದ್ಯತೆ, ಉಳಿದದ್ದು ಲಾಟರಿ. ಉದ್ದೇಶ ಒಳ್ಳೆಯದೇ. ಆದರೆ ಹಳೆಯ ನೆರೆಹೊರೆ ಚದುರಿ, ಆಸರೆ ಬೇಕಾದವರೆಲ್ಲ ಊರಾಚೆಯ ಬಡಾವಣೆಗಳಲ್ಲಿ ಒಟ್ಟಾದರು. ಒಬ್ಬೊಬ್ಬರೇ ಸತ್ತು, ದಿನಗಟ್ಟಲೆ ಯಾರಿಗೂ ಗೊತ್ತಾಗದೆ ಹೋದ ಸಾವುಗಳು ಸುದ್ದಿಯಾದವು. ಆ ‘ತಾತ್ಕಾಲಿಕ’ ಮನೆಗಳು ಪೂರ್ತಿ ಖಾಲಿಯಾಗಿದ್ದು 2000ದಲ್ಲಿ. ಐದು ವರ್ಷ!

ಆಮೇಲೆ ಸರಿಪಡಿಸೋಣ ಅನ್ನುವವರಿಗೆ ಅಮೆರಿಕದ ಉದಾಹರಣೆಯಿದೆ. 2005ರ ಕತ್ರಿನಾ ಚಂಡಮಾರುತದ ಸಂತ್ರಸ್ತರಿಗೆ ಸರ್ಕಾರ ಟ್ರೇಲರ್ ಮನೆ ಕೊಟ್ಟಿತು. ಹತ್ತಲಾಗದವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು (ಮೆಟ್ಟಿಲೇ ನೋಡಿ, ಅಲ್ಲೂ). 2006ರಲ್ಲಿ ರಾಜಿಯಾದ ಮೇಲಷ್ಟೇ ಅವರು ಬಳಸಬಹುದಾದ ಟ್ರೇಲರ್‌ಗಳಿಗೆ ದಾರಿಯಾಯಿತು.

ಹಾಗಾಗಿ ನಕ್ಷೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದೆ: ಸಾಲಿಗೆಲ್ಲ ಮನೆಯೊಳಗಿನ ನೆಲದ ಮಟ್ಟಕ್ಕೆ ಒಂದೇ ಜಗಲಿ, ಜಗಲಿಯ ತುದಿಗೊಂದು ರ‍್ಯಾಂಪ್. ಎಲ್ಲ ಬಾಗಿಲೂ 90 ಸೆಂ.ಮೀ., ಹೊಸ್ತಿಲು ಬೇಡ. ಆಗ ಯಾರಿಗೆ ಯಾವ ಮನೆಯಾದರೂ ಆದೀತು, ಅಕ್ಕಪಕ್ಕದವರನ್ನು ಅಕ್ಕಪಕ್ಕದಲ್ಲೇ ಇಡಬಹುದು. ವೀಲ್‌ಚೇರಿನವರೂ ಇನ್ನೊಬ್ಬರ ಮನೆಗೆ ಹೋಗಿ ಕೂತು ಮಾತಾಡಬಹುದು. ತುದಿಮನೆ ಯೋಜನೆಯಲ್ಲಿ ಆ ಕಲ್ಪನೆಯೇ ಇಲ್ಲ. ಜಗಲಿಗೆ ಕಟಕಟೆ ಹಾಕಿ, ಪ್ರತಿ ಬಾಗಿಲ ಬಳಿ ಬೇರೆ ಬೇರೆ ಗುರುತು ಕೊರೆದರೆ, ಒಂದೇ ಥರದ ಬಾಗಿಲುಗಳ ನಡುವೆ ಕಣ್ಣು ಕಾಣದವರು ತಮ್ಮದನ್ನು ಕೈಯಲ್ಲೇ ಹುಡುಕಿಕೊಳ್ಳುತ್ತಾರೆ. ಅಂಗಳಕ್ಕೆ ಜಲ್ಲಿ ಸುರಿಯುವುದನ್ನೂ ಹೊಡೆದುಹಾಕಿದೆ. ಜಲ್ಲಿಯಲ್ಲಿ ಗಾಲಿ ಹೂತರೆ ಒಳಗಿನ ಅನುಕೂಲವೆಲ್ಲ ದಂಡ.

ಸಂಜೆ ಫೋನ್ ಮಾಡಿದ. ‘ಖರ್ಚು ಹೆಚ್ಚಾಗುತ್ತೆ ಕಣೋ, ಶೌಚಾಲಯದಲ್ಲಿ ಎಲ್ಲರಿಗೂ ಹಿಡಿಕೆ ಹಾಕ್ಲಾ?’ ಅಂದ. ಬೇಡ, ಬೇಕಾದವರಿಗೆ ಬೇಕಾದ ಎತ್ತರದಲ್ಲಿ ಹಾಕು, ಆದರೆ ಗೋಡೆಯ ತಗಡಿನ ಹಿಂದೆ ಎಲ್ಲ ಕಡೆಯೂ ಪ್ಲೈವುಡ್ ಕೂರಿಸು ಅಂದೆ. ಬರೀ ತಗಡಿಗೆ ಬಿಗಿದ ಹಿಡಿಕೆ ಮೈಭಾರ ಬಿದ್ದರೆ ಕಿತ್ತೇ ಬರುತ್ತೆ. ಪ್ಲೈವುಡ್ಡಿನ ಲೆಕ್ಕ ಹಾಕಿ ಸೋಮವಾರ ಹೇಳ್ತಾನಂತೆ. ಜಗಲಿಯ ಮಾತಿಗೆ ಇನ್ನೂ ಹೂಂ ಅಂದಿಲ್ಲ.